ಕಸ್ತೂರೆವ್ವನ ಮನೆಯ ವೈಫೈ

ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಕತ್ತು ಹೊರಳಿಸಿದ್ದು ಶೈಲಶ್ರೀಯ ತಲೆಯಿಂದ ಹೋಗಲೇ ಇಲ್ಲ. ಒಲೆಯ ಮುಂದೆ ನಿಂತರೂ ಅದೇ, ಕೂಸಿನ ಬಟ್ಟೆ ಹಿಂಡುವಾಗಲೂ ಅದೇ. ಆ ದಿನ ಪ್ರಣತಿಗೆ ಎಣ್ಣೆ ಹಚ್ಚಿ ಎರೆದು, ತೊಟ್ಟಿಲ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಹಾಲು ಕುಡಿಸುತ್ತಿದ್ದಳು. ಕಪಾಟಿನ ಮೇಲೆ ಬಿಳಿ ಉಂಡೆಯಂಥ ಪುಟ್ಟ ಕ್ಯಾಮೆರಾ ಎಂದಿನಂತೆ ತೊಟ್ಟಿಲ ಕಡೆ ಮುಖ ಮಾಡಿಕೊಂಡಿತ್ತು. ಇದ್ದಕ್ಕಿದ್ದಂತೆ ಗರ್ ಎಂದು ಸಣ್ಣ ಸಪ್ಪಳ ಕೇಳಿಸಿತು. ತಲೆಯೆತ್ತಿ ನೋಡುವಷ್ಟರಲ್ಲಿ ಅದರ ಕಪ್ಪು ಕಣ್ಣು ತೊಟ್ಟಿಲನ್ನು ಬಿಟ್ಟು ಅವಳ ಕಡೆ ಬಂದು ನಿಂತಿತ್ತು.

ಸೆರಗು ಎಳೆದುಕೊಂಡು, ಕೂಸನ್ನು ಎದೆಗವಚಿ ಹೊರಗೆ ಬಂದಳು. ಅವಳ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಇತ್ತು. ಗಂಡ ಅನಿಲ ನಿಡಗುಂದಿಯ ಹೈವೇ ಮೇಲಿನ ಹನಿ ನೀರಾವರಿ ಪೈಪಿನ ಅಂಗಡಿಯಲ್ಲಿದ್ದ. ಆ ಕ್ಯಾಮೆರಾ ಕಾಣುವುದು ಅವರಿಬ್ಬರ ಫೋನಿನಲ್ಲಿ ಮಾತ್ರ ಎಂದು ಅವಳು ತಿಳಿದಿದ್ದಳು. ಅನಿಲನಿಗೆ ಫೋನು ಮಾಡಿ, "ನೀವೇನರೆ ಕ್ಯಾಮೆರಾ ತಿರುಗಿಸಿದ್ರೇನು?" ಎಂದು ಕೇಳಿದಳು.

"ಇಲ್ಲಿ ಗಿರಾಕಿ ಜೋಡಿ ತಲಿ ತಿರುಗಾಕತ್ತೇತಿ, ಕ್ಯಾಮೆರಾ ಯಾರು ತಿರುಗಸ್ತಾರ?" ಎಂದು ಅವನು ನಕ್ಕ. "ಹಲ್ಲಿ ಹರದಾಡಿರಬೇಕು. ಏನರೆ ಅಲುಗಾಡಿದ್ರ ಅದು ತಾನ ಹೊಳ್ಳಿ ನೋಡತೈತಿ, ಡಬ್ಬಿ ಮ್ಯಾಲ ಬರದಿಲ್ಲೇನು?"

ಬರೆದಿದ್ದೇನೋ ಹೌದು. ಆದರೆ ಶೈಲಶ್ರೀ ಆ್ಯಪು ತೆಗೆದು ನೋಡಿದಾಗ, ಅಲುಗಾಟದ ಹಿಂದೆ ಹೋಗುವ ಆ ಸೌಲಭ್ಯ ಬಂದ್ ಇತ್ತು. ಯಾರೋ ಬೆರಳಿನಿಂದ ಎಳೆದು ಅದನ್ನು ತನ್ನ ಕಡೆ ತಿರುಗಿಸಿದ್ದಾರೆ ಎಂಬುದು ಖಾತ್ರಿಯಾದ ಮೇಲೆ ಅವಳಿಗೆ ಆ ಕೋಣೆಯಲ್ಲಿ ಕೂರುವುದಿರಲಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವುದಕ್ಕೂ ಕೈ ಬರಲಿಲ್ಲ. ಕ್ಯಾಮೆರಾದ ಮೇಲೆ ಕೂಸಿನ ಕುಂಚಿಗೆ ಮುಚ್ಚಿದಳು. ಕೂಸನ್ನು ಒಂದೇ ಬಿಟ್ಟು ಮಾಳಿಗೆಯ ಮೇಲೆ ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಪಾಠ ಹೇಳಲು ಹೋಗುವಾಗ ಮತ್ತೆ ಕುಂಚಿಗೆ ತೆಗೆದಳು. ಹಾಗೆ ಮುಚ್ಚುವುದು, ತೆಗೆಯುವುದು. ಮುಚ್ಚಿದರೆ ಕೂಸಿಗೆ ಏನಾದೀತೋ ಎಂಬ ಚಿಂತೆ, ತೆಗೆದರೆ ಯಾರು ನೋಡುತ್ತಿದ್ದಾರೋ ಎಂಬ ಚಿಂತೆ.

ಯಾರು ನೋಡಿರಬಹುದು ಎಂದು ಯೋಚಿಸಹೊರಟರೆ ಆ ಮನೆಯಲ್ಲಿ ಲೆಕ್ಕಕ್ಕೇ ಸಿಗುವಂತಿರಲಿಲ್ಲ. ಯಾಕೆಂದರೆ ಅದು ಕಸ್ತೂರೆವ್ವನ ಮನೆ.

ಕಸ್ತೂರೆವ್ವ ಶೈಲಶ್ರೀಯ ಅತ್ತೆ. ಹುಟ್ಟಿದ್ದು ಗೊಳಸಂಗಿ, ಕೊಟ್ಟಿದ್ದು ಹೊಳೆದಂಡೆಯ ಒಂದು ಊರಿಗೆ. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನ ಅಡಿಗಿದೆ. ನೀರು ಬರುವ ಮುಂಚೆ ಮನೆ ಬಿಚ್ಚಿ, ತೊಲೆ, ಕಂಬ, ಕಿಟಕಿಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ನಿಡಗುಂದಿಗೆ ಬಂದಾಗ ಅನಿಲ ಇನ್ನೂ ಕೈಗೂಸು. ತಗಡಿನ ಶೆಡ್ಡಿನಲ್ಲಿ ಒಲೆ ಹೂಡಲು ಕಲ್ಲಿಲ್ಲ, ಕುಡಿಯಲು ನೀರಿಲ್ಲ. ಎದುರು ಮನೆಯ ಹಜರಾಬಿ ಆಗಷ್ಟೇ ಆ ಓಣಿಗೆ ಸೊಸೆಯಾಗಿ ಬಂದವಳು. ಯಾರು, ಯಾವ ಊರು ಎಂದು ಕೇಳದೆ ಒಂದು ಕೊಡ ನೀರು ತಂದಿಟ್ಟು, "ಮೊದ್ಲ ಕೂಸಿಗೆ ಕುಡಸ್ರಿ, ಹೆಸರು ಆಮ್ಯಾಲ ಹೇಳೀರಂತ" ಎಂದಿದ್ದಳಂತೆ. ಆ ನೀರಿನ ಋಣ ತನ್ನಿಂದ ತೀರುವುದಿಲ್ಲ ಎಂದು ಕಸ್ತೂರೆವ್ವ ಇವತ್ತಿಗೂ ಹೇಳುತ್ತಾಳೆ. ಗಂಡ ಬಸಂತರಾಯ ಹೊಸ ಮನೆ ಕಟ್ಟುವಾಗ ಅವಳು ಕೇಳಿದ್ದು ಒಂದೇ: ಬಾಗಿಲ ಎರಡೂ ಕಡೆ ಅಗಲವಾದ ಕಟ್ಟೆ. ದಾರಿಹೋಕರು ಕೂರಬೇಕು, ನೀರು ಕುಡಿಯಬೇಕು. ಬಸಂತರಾಯ ತೀರಿಹೋದ ಮೇಲೂ ಆ ರೀತಿ ತಪ್ಪಲಿಲ್ಲ. ಯುಗಾದಿಯ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುವವರು ಬಂದರೆ ಕಾಲಿಗೆ ಬಿಸಿನೀರು, ಎಣ್ಣೆ, ಮಜ್ಜಿಗೆ. ಉಳಿದ ದಿನ ಯಾರೇ ಹೊಸ್ತಿಲ ಹತ್ತಿರ ಬರಲಿ, ಮಾತಿಗೆ ಮುಂಚೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. ಬಂದವರ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರ ಮೇಲಿನ ಮಾತು.

ಅಂಥ ಮನೆಗೆ ವೈಫೈ ಬಂದರೆ ಏನಾಗಬೇಕೋ ಅದೇ ಆಯಿತು. ಕಟ್ಟೆಗೆ ಬಂದ ಕಾಲೇಜು ಹುಡುಗಿಯರು ಕೇಳಿದರು, ಕಸ್ತೂರೆವ್ವ ಕೊಟ್ಟಳು. ಕುರಿ ಕಾಯುವ ಮಾಳಿಂಗ ಸಿಂದಗಿ ಕಡೆ ಹಟ್ಟಿ ಹೂಡಿದ್ದ ತಮ್ಮನ ಮುಖ ವಿಡಿಯೋದಲ್ಲಿ ನೋಡಬೇಕೆಂದ, ಅವನಿಗೂ ಕೊಟ್ಟಳು. ದಿನಕ್ಕೆ ಹತ್ತು ಸಲ ಪಾಸ್‌ವರ್ಡು ಹೇಳಿ ಬಾಯಿ ನೋಯಿತೆಂದು, ನೀರಿನ ಮಡಕೆಯ ಪಕ್ಕದ ಗೋಡೆಯ ಮೇಲೆ ಹುಡುಗಿಯರ ಕೈಯಿಂದಲೇ ಇದ್ದಿಲಲ್ಲಿ ಬರೆಸಿದಳು. ಹಣ್ಣು ಮಾರುವವನು, ಗ್ಯಾಸು ತರುವವನು, ಬಸ್ಸು ತಪ್ಪಿದವರು, ಎಲ್ಲರೂ ನೀರು ಕುಡಿದು, ಗೋಡೆ ನೋಡಿ, ಫೋನು ಒತ್ತಿಕೊಂಡು ಹೋದರು. "ನೀರು ಕೊಟ್ರ ಕೊಡ ಖಾಲಿ ಆಗತೈತಿ. ಇದು ಕೊಟ್ರ ಖಾಲಿನೂ ಆಗೂದಿಲ್ಲ" ಎಂಬುದು ಅವಳ ಸಂತೋಷ.

ಬೆಳಗಾವಿಯಲ್ಲಿ ಓದಿ ಬೆಳೆದ ಶೈಲಶ್ರೀಗೆ ಮದುವೆಯಾದ ಹೊಸತರಲ್ಲಿ ಆ ಗೋಡೆ ನೋಡಿದಾಗ ನಗು ಬಂದಿತ್ತು. ಒಂದು ಫೋಟೋ ತೆಗೆದು ಗೆಳತಿಯರಿಗೂ ಕಳಿಸಿದ್ದಳು. ಈಗ ಅದೇ ಗೋಡೆಯ ಮುಂದೆ ನಿಂತರೆ ಬೆನ್ನಿಗೆ ತಣ್ಣೀರು ಹೊಯ್ದಂತಾಗುತ್ತಿತ್ತು.

ಸಲಹೆ ಕೇಳಲು ಅವಳಿಗೆ ಕಂಡವನು ಅಮಿತ. ಅನಿಲನ ಚಿಕ್ಕಪ್ಪನ ಮಗ. ಚಿಕ್ಕಂದಿನಲ್ಲೇ ತಂದೆ ಹೋದ ಮೇಲೆ ತಾಯಿ ಸುನಂದಾ ಅವನನ್ನು ಈ ಮನೆಯಲ್ಲಿ ಬಿಟ್ಟು ಹೊಲಮನೆ ನೋಡಿಕೊಂಡಳು. ಕಸ್ತೂರೆವ್ವನ ಕೈತುತ್ತು ಉಂಡು ಬೆಳೆದ ಹುಡುಗ. ಈಗ ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಾನೆ. ವಾರಕ್ಕೊಮ್ಮೆ ಬರುತ್ತಾನೆ. ಈ ಮನೆಯಲ್ಲಿ ತಂತಿ ಇರುವ, ಪರದೆ ಇರುವ ಎಲ್ಲಕ್ಕೂ ಅವನೇ ಯಜಮಾನ. ವೈಫೈ ಪೆಟ್ಟಿಗೆ ಗೋಡೆಗೆ ಕೂರಿಸಿದವನು ಅವನು, ಕ್ಯಾಮೆರಾ ತಂದು ಹಚ್ಚಿದವನೂ ಅವನು.

"ವೈನಿ, ನಾ ಒಂದ್ ಮಾತ್ ಹೇಳ್ತೇನಿ, ತಪ್ಪ ತಿಳ್ಕೋಬ್ಯಾಡ್ರಿ" ಎಂದ ಅಮಿತ ಫೋನಿನಲ್ಲಿ. "ಎದುರು ಮನಿ ಅಫ್ತಾಬ ಬಸ್‌ಸ್ಟ್ಯಾಂಡದಾಗ ಮೊಬೈಲ್ ರಿಪೇರಿ ಮಾಡ್ತಾನಲ್ರಿ. ನಿಮ್ಮ ನೆಟ್ ಅವರ ಮನಿ ಮಟ ಸಿಗತೈತಿ. ಅಂಥಾವ್ರಿಗೆ ಇದೆಲ್ಲಾ ಆಟ ಇದ್ಹಂಗ. ಆದ್ರ ದೊಡ್ಡವ್ವನ ಮುಂದ ಹೇಳಬ್ಯಾಡ್ರಿ, ಆಕಿ ನಂಬೂದಿಲ್ಲ."

ಹಜರಾಬಿಯ ಮಗ ಅಫ್ತಾಬ. ಕಣ್ಣೆತ್ತಿ ಮಾತಾಡದ ಹುಡುಗ. ಆದರೂ ಚಿಂತೆಯಲ್ಲಿ ಬೆಂದವಳಿಗೆ ಒಂದು ಹೆಸರು ಸಿಕ್ಕಿದ್ದೇ ದೊಡ್ಡದಾಯಿತು. ಅಂದಿನಿಂದ ಎದುರು ಮನೆಯ ಬಾಗಿಲು ತೆರೆದರೆ ಇವಳು ಕಿಟಕಿ ಹಾಕತೊಡಗಿದಳು. ಅಫ್ತಾಬನ ತಂಗಿ ನಿಷತ "ಅಕ್ಕಾ" ಎಂದು ಕೂಗಿದರೂ ಕೇಳಿಸದವಳಂತೆ ಒಳಗೆ ಹೋದಳು.

ಪಾಠವಿಲ್ಲದ ಒಂದು ಬೆಳಿಗ್ಗೆ ಕೂಸು ಮಲಗಿದ ಮೇಲೆ ಲ್ಯಾಪ್‌ಟಾಪು ಹಿಡಿದು ಕೂತಳು. ಅಷ್ಟೊತ್ತಿಗೆ ಓದಬೇಕಾದುದನ್ನೆಲ್ಲ ಓದಿಕೊಂಡಿದ್ದಳು. ರೂಟರಿನ ಒಳಗೆ ಹೋಗುವ ಗುಪ್ತಪದ ಕಂಪನಿಯಿಂದ ಬಂದಾಗ ಇದ್ದದ್ದೇ ಇತ್ತು; ಯಾರು ಬೇಕಾದರೂ ಊಹಿಸಬಹುದಾದದ್ದು. ಮೊದಲು ಅದನ್ನು ಬದಲಿಸಿದಳು. ಒಳಗೆ ಹೋಗಿ ನೋಡಿದರೆ, ಜೋಡಣೆಯಾದ ಫೋನುಗಳ ಸಾಲು ಪರದೆ ದಾಟಿ ಕೆಳಗೆ ಹೋಗುತ್ತಿತ್ತು. ಮಾತುಗಳನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವ ಎನ್‌ಕ್ರಿಪ್ಷನ್ನು ಹಳೆಯ ಕಾಲದ, ಸುಲಭವಾಗಿ ಒಡೆಯುವ ಬಗೆಯದಾಗಿತ್ತು. ಅದನ್ನು ಹೊಸ, ಗಟ್ಟಿ ಬಗೆಗೆ ಏರಿಸಿದಳು. ಹೊರಗಿನ ಇಂಟರ್‌ನೆಟ್‌ನಿಂದ ಕೇಳದೆ ಒಳಗೆ ನುಗ್ಗುವುದನ್ನು ತಡೆಯುವ ಫೈರ್‌ವಾಲ್ ಬಂದ್ ಇತ್ತು, ಚಾಲೂ ಮಾಡಿದಳು. ದೂರದಿಂದ ರೂಟರ್ ತೆರೆಯುವ ದಾರಿ ಮುಚ್ಚಿದಳು. ಕೊನೆಗೆ ವೈಫೈಗೆ ಹೊಸ ಹೆಸರು, ಉದ್ದನೆಯ ಹೊಸ ಪಾಸ್‌ವರ್ಡು ಕೊಟ್ಟು ಒತ್ತಿದಳು. ಪೆಟ್ಟಿಗೆಯ ದೀಪಗಳು ಆರಿ ಮತ್ತೆ ಹತ್ತಿದವು. ಸಾಲು ಖಾಲಿಯಾಗಿತ್ತು. ಹಲವು ದಿನಗಳ ಮೇಲೆ ಮೊದಲ ಸಲ ಎದೆ ಹಗುರಾಯಿತು.

ಕಟ್ಟೆಯ ಮೇಲೆ ಗದ್ದಲ ಎದ್ದಿತು.

"ಬಾಯಾರ, ನಿಮ್ಮ ನೆಟ್ಟಿಗೆ ಯಾರ ದೃಷ್ಟಿ ತಾಕೇತ್ರಿ?" ಹಜರಾಬಿಯ ದನಿ. "ನಮ್ಮ ನಿಷತ ಅರ್ಧಾ ಪಾಠದಾಗ ಕುಂತಾಳ, ಮಾಸ್ತರ ಬಾಯಿ ತಗದಾಂವ ಹಂಗ ನಿಂತ್ ಬಿಟ್ಟಾನ!"

ಕಸ್ತೂರೆವ್ವ ಒಳಗೆ ಬಂದಳು. ಸೊಸೆ ಸುಣ್ಣದ ಡಬ್ಬಿ, ಕುಂಚ ಹಿಡಿದು ಹೊರಡುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅದೇನದು?"

"ಗ್ವಾಡಿ ಮ್ಯಾಲಿಂದು ಅಳಸ್ತೇನ್ರಿ ಅತ್ತಿ. ಪಾಸ್‌ವರ್ಡ್ ಬದಲ್ ಮಾಡೇನಿ. ಇನ್ನ ಯಾರಿಗೂ ಕೊಡೂದು ಬ್ಯಾಡ್ರಿ."

"ಯಾರಿಗೂ ಅಂದ್ರ?"

"ಯಾರಿಗೂ ಅಂದ್ರ ಯಾರಿಗೂ."

ಕಸ್ತೂರೆವ್ವ ಬಾಗಿಲ ಚೌಕಟ್ಟಿಗೆ ಕೈಯಿಟ್ಟಳು. "ಈ ಬಾಗ್ಲಾಗ ನಿಂತು ಇಲ್ಲ ಅಂತ ನಾ ಅಂದಾಕಿ ಅಲ್ಲ, ಶೈಲಾ. ಇಷ್ಟ ವಯಸ್ಸಾದ ಮ್ಯಾಲ ಅದನ್ನ ಕಲಿ ಅಂತೀಯೇನು?"

"ಅತ್ತಿ, ಕೂಸಿನ ಕೋಣಿ ಯಾರೋ ನೋಡಾಕತ್ತಾರ್ರಿ!" ಶೈಲಶ್ರೀಯ ದನಿ ಒಡೆಯಿತು. "ನನ್ನ ಮಾತು ಈ ಮನ್ಯಾಗ ಯಾರಿಗೂ ಖರೆ ಅನ್ನಸವಲ್ದು. ಹಲ್ಲಿ ಅಂತಾರ, ಗಾಳಿ ಅಂತಾರ. ಎಲ್ಲಾರೂ ಒಂದ ನೆಟ್ಟಿನ ಒಳಗ ಬಂದ್ರ, ಒಂದ ಮನಿ ಒಳಗ ಬಂದ್ಹಂಗ. ಬೇಕಾದ್ರ ಒಳಗಿಂದು ಬ್ಯಾರೆ, ಹೊರಗಿಂದು ಬ್ಯಾರೆ ಮಾಡಾಕ ಬರ್ತೈತಿ. ಹೊರಗಿಂದ್ರಾಗ ಇದ್ದವ್ರಿಗೆ ನೆಟ್ ಅಷ್ಟ ಸಿಗತೈತಿ, ನಮ್ಮ ಫೋನು, ಕ್ಯಾಮೆರಾ ಕಾಣೂದಿಲ್ಲ."

"ಹಂಗಂದ್ರ ಪಡಸಾಲಿ ಮಟ ಬರ್ಲಿ, ಒಳಗ ಬ್ಯಾಡ ಅಂತ?"

"ಹೌದ್ರಿ."

"ಅಷ್ಟ ಮೊದ್ಲ ಹೇಳಬಾರದ? ನಾ ಎಂದರೆ ಮಂದಿನ್ನ ನಿನ್ನ ಕೋಣಿಗೆ ಕಳಿಸೇನೇನು?" ಕಸ್ತೂರೆವ್ವ ಅವಳ ಕೈಯಿಂದ ಸುಣ್ಣದ ಡಬ್ಬಿ ತೆಗೆದುಕೊಂಡಳು. "ಮಾಡು. ಗ್ವಾಡಿ ನಾ ಬಳೀತೇನಿ. ಆ ಹುಡುಗಿ ಪಾಠಾ ಮೊದ್ಲ ಚಾಲೂ ಮಾಡಿಕೊಡು."

ಹೊರಗಿನವರಿಗೆ ಬೇರೆಯದೇ ಒಂದು ವೈಫೈ ತೆರೆದು ಮುಗಿಸುವಷ್ಟರಲ್ಲಿ ಶೈಲಶ್ರೀಯ ಫೋನು ಬಡಿದುಕೊಂಡಿತು. ಅಮಿತ.

"ವೈನಿ, ಕ್ಯಾಮೆರಾ ಬಂದ್ ಬಿದ್ದೈತೆಲ್ರಿ? ಕರೆಂಟ್ ಹೋಗೇತೇನ್ರಿ?"

"ಇಲ್ಲೋ, ವೈಫೈ ಪಾಸ್‌ವರ್ಡ್ ಬದಲ್ ಮಾಡೇನಿ."

"ಹೌದೇನ್ರಿ? ಚಲೋ ಆತ್ ಬಿಡ್ರಿ. ಹೊಸಾದು ನನಗೊಂದ್ ಕಳಸ್ರಿ, ನಾ ಬಂದು ಕ್ಯಾಮೆರಾ ಹಚ್ಚಿ ಕೊಡ್ತೇನಿ."

"ಕಳಸ್ತೇನಿ" ಎಂದು ಫೋನಿಟ್ಟಳು. ಪಾಸ್‌ವರ್ಡನ್ನು ಬೆರಳಲ್ಲಿ ಒತ್ತತೊಡಗಿದವಳು ನಡುವೆಯೇ ನಿಂತಳು.

ಕ್ಯಾಮೆರಾ ಬಂದ್ ಬಿದ್ದದ್ದು ಇವನಿಗೆ ಹೇಗೆ ಗೊತ್ತು?

ತೊಟ್ಟಿಲ ಕೋಣೆಗೆ ಹೋಗಿ, ಆ್ಯಪು ತೆರೆದು, ಕ್ಯಾಮೆರಾವನ್ನು ತಾನೇ ಹೊಸ ವೈಫೈಗೆ ಸೇರಿಸಲು ನೋಡಿದಳು. ಈ ಬದಲಾವಣೆ ಮಾಲೀಕರು ಮಾತ್ರ ಮಾಡಬಹುದು ಎಂದಿತು ಪರದೆ. ಮಾಲೀಕರು ಯಾರೆಂದು ಹುಡುಕಿದಳು. ಒಂದು ಫೋನ್ ನಂಬರಿನ ಕೊನೆಯ ಅಂಕಿಗಳಷ್ಟೇ ಕಾಣುತ್ತಿದ್ದವು. ಅನಿಲನದಲ್ಲ, ತನ್ನದೂ ಅಲ್ಲ. ಈಗಷ್ಟೇ ಬಂದ ಕರೆಯ ನಂಬರಿನ ಜೊತೆ ಇಟ್ಟು ನೋಡಿದಳು. ಅವೇ ಅಂಕಿಗಳು.

ನೆನಪಾಯಿತು. ಅವಳಿನ್ನೂ ಹಸಿ ಬಾಣಂತಿ. ಅನಿಲ ಪೈಪು ಹಾಸುವ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೋಗಿದ್ದ. "ನಿಮಗ್ಯಾಕ್ ತ್ರಾಸ ವೈನಿ, ನನ್ನ ನಂಬರಿಂದ ಚಾಲೂ ಮಾಡ್ತೇನಿ, ಆಮ್ಯಾಲ ನಿಮ್ಮ ಹೆಸರಿಗೆ ಮಾಡಿದ್ರಾತು" ಎಂದಿದ್ದ ಅಮಿತ. ಆಮೇಲೆ ಯಾರೂ ಕೇಳಲಿಲ್ಲ. ಈ ಮನೆಯಲ್ಲಿ ಎಲ್ಲವೂ ಹಾಗೆಯೇ. ಗ್ಯಾಸಿನ ಬುಕಿಂಗು ಅಮಿತನ ನಂಬರಿಗೆ, ಕರೆಂಟಿನ ಮೆಸೇಜು ಅಮಿತನ ನಂಬರಿಗೆ, ಕಸ್ತೂರೆವ್ವನ ಫೋನಿನ ಗುಪ್ತಪದವೂ ಅಮಿತನ ಬಾಯಲ್ಲಿ. ತಿಳಿದ ಹುಡುಗ ಒಬ್ಬನಿದ್ದಾನೆ, ನಮ್ಮವನೇ. ಮತ್ತೇಕೆ ತಲೆಬಿಸಿ ಎಂದು ಸುತ್ತಲಿನ ಎಷ್ಟೋ ಮನೆಗಳು ಮಾಡುವಂತೆ ಈ ಮನೆಯೂ ಕೀಲಿಗಳನ್ನೆಲ್ಲ ಅವನ ಕೈಗಿಟ್ಟಿತ್ತು. ಅವಳು ಬೆಳಗಿನಿಂದ ಒಂದೊಂದೇ ಹಾಕಿದ ಬೀಗಗಳೆಲ್ಲ ಹೊರಗಿನವರಿಗೆ. ಇವನು ಮೊದಲ ದಿನದಿಂದಲೂ ಒಳಗೇ ಇದ್ದ.

ಕ್ಯಾಮೆರಾದ ತಂತಿ ಕಿತ್ತು, ಹಳೆಯ ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಅದರ ನೆನಪನ್ನು ಅಳಿಸಿ ತನ್ನ ಹೆಸರಿಗೆ ಹೊಸದಾಗಿ ಮಾಡಿಕೊಳ್ಳಬಹುದಿತ್ತು. ಆದರೆ ಹಾಗೆ ಮಾಡಿದರೆ ಅವನ ನಂಬರೂ ಅಳಿಸಿಹೋಗುತ್ತದೆ. ಪರದೆಯ ಚಿತ್ರ ತೆಗೆದಿಟ್ಟುಕೊಂಡಳು. ಆಮೇಲೆ ಕೂಸಿನ ಪಕ್ಕ ಕೂತು ಬಹಳ ಹೊತ್ತು ಅತ್ತಳು. ಹೊರಗೆ ಹಜರಾಬಿ ಯಾವುದೋ ಮಾತಿಗೆ ನಗುತ್ತಿದ್ದಳು. ಹೋಗಿ ಅವಳ ಮುಖ ನೋಡುವ ಧೈರ್ಯ ಶೈಲಶ್ರೀಗೆ ಆಗಲಿಲ್ಲ.

ಊಟಕ್ಕೆ ಬಂದ ಅನಿಲ ಮೊದಲು ನಂಬಲಿಲ್ಲ. ನಂಬರು ನೋಡಿದ. ತಟ್ಟೆ ಸರಿಸಿದ. "ಸಂಜಿಗೆ ಕರಸ್ತೇನಿ. ನೀ ಏನೂ ಅನಬ್ಯಾಡ, ನಾ ಕೇಳ್ತೇನಿ" ಎಂದಷ್ಟೇ ಹೇಳಿ ತಾಯಿಯ ಹತ್ತಿರ ಹೋಗಿ ಕೂತ.

ದೀಪ ಹಚ್ಚುವ ಹೊತ್ತಿಗೆ ಅಮಿತನ ಬೈಕು ಬಂತು. ಎಂದಿನಂತೆ ಚಪ್ಪಲಿ ಬಿಟ್ಟು, "ದೊಡ್ಡವ್ವಾ" ಎನ್ನುತ್ತ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತ. ಕಸ್ತೂರೆವ್ವ ಎದುರಿಗೇ ಇದ್ದಳು. ಅವಳು ಏಳಲಿಲ್ಲ. ತಂಬಿಗೆ ಬರಲಿಲ್ಲ. ಅಮಿತ ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ಅವಳ ಮುಖದ ಕಡೆ ನೋಡಿದ. ವಸೂಲಿಗೆ ಬಂದವರಿಗೆ, ಜಗಳಕ್ಕೆ ಬಂದವರಿಗೆ ಕೂಡ ಆ ಮನೆಯಲ್ಲಿ ನೀರು ತಪ್ಪಿದ್ದಿಲ್ಲ. ಅವನ ಮುಖದ ಬಣ್ಣ ಹೋಯಿತು.

"ಕೂಸಿನ ಕೋಣಿ ಕ್ಯಾಮೆರಾ ನಿನ್ನ ಫೋನಿನ್ಯಾಗ ಯಾಕೈತಿ?" ಅನಿಲ ಕೇಳಿದ.

"ಅಣ್ಣಾ, ಅದು... ಕೂಸಿನ ಕಾಳಜಿಗೆ. ವೈನಿ ಮ್ಯಾಲ ಪಾಠಕ್ಕ ಹೋಗ್ತಾರ, ದೊಡ್ಡವ್ವ ಕಟ್ಟಿ ಮ್ಯಾಲ ಇರ್ತಾಳ. ಒಂದ್ ಕಣ್ಣು ಇರ್ಲಿ ಅಂತ."

"ದಿನಾ ನೋಡ್ತಿದ್ದೇನು?" ಕಸ್ತೂರೆವ್ವ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡ್ತಿದ್ದೆ ದೊಡ್ಡವ್ವ. ನಮ್ಮ ಕೂಸಲ್ಲೇನು?"

"ಮೊನ್ನೆ ಗಾದಿ ಮ್ಯಾಲಿಂದ ಉಳ್ಳಿ ಬಿದ್ದು ಹಣಿ ಬಾತಿತ್ತಲ್ಲ, ಅದೂ ನೋಡಿದೇನು?"

"ನೋಡಿದ್ನೆಲ್ಲ. ಪಾಪ, ಭಾಳ ಹೊತ್ತು ಅತ್ತಿತ್ತು."

"ಎದುರು ಮನಿ ಹಜರಾಬಿ ಅಳೂ ದನಿ ಕೇಳಿ, ಕೈಯಾನ ರೊಟ್ಟಿ ಬಿಟ್ಟು ಓಡಿ ಬಂದು ಎತ್ತಿಕೊಂಡಳು. ನೀ ನೋಡ್ಕೋತ ಕುಂತಿದ್ದಿ. ಫೋನ್ ಯಾಕ ಮಾಡಲಿಲ್ಲೋ? ಇವತ್ತ ಕ್ಯಾಮೆರಾ ಆರಿದ ಕೂಡ್ಲೇ ಮಾಡಿದಿ."

ಅಮಿತ ಜೇಬಿನಲ್ಲಿದ್ದ ಫೋನಿನ ಮೇಲೆ ಕೈ ಇಟ್ಟುಕೊಂಡ.

"ನಿನ್ನ ಫೋನ್ ಕೊಡು ಇಲ್ಲೆ" ಎಂದಳು ಶೈಲಶ್ರೀ. ತಾನು ಮಾತಾಡಬಾರದೆಂದಿದ್ದುದು ಅವಳಿಗೆ ಮರೆತೇಹೋಗಿತ್ತು.

"ಅದ್ರಾಗ ಏನಿಲ್ರಿ ವೈನಿ. ಎಲ್ಲಾ ಅಳಿಸೇನಿ."

"ಏನ್ ಅಳಿಸಿದಿ?"

ಅವನು ಧಡಕ್ಕನೆ ಕಸ್ತೂರೆವ್ವನ ಕಾಲಿಗೆ ಬಿದ್ದ. "ತಪ್ಪಾತು ದೊಡ್ಡವ್ವಾ" ಎಂದು ಅತ್ತ. ಅವಳು ಕಾಲು ಹಿಂದೆಳೆದುಕೊಂಡಳು. ಅನಿಲ ಅವನ ರಟ್ಟೆ ಹಿಡಿದು ಎಬ್ಬಿಸಿ, "ಇನ್ನ ಈ ಹೊಸ್ತಿಲಾ ದಾಟಬ್ಯಾಡ" ಎಂದು ಬಾಗಿಲ ತನಕ ನೂಕಿದ. ಬೈಕಿನ ಸಪ್ಪಳ ದೂರವಾದ ಮೇಲೆ ಅನಿಲ ಒಳಗೆ ಬಂದು ಕೂತ.

"ಮುಗೀತಲ್ಲ" ಎಂದ. "ಒಪ್ಪಿಕೊಂಡಾನ, ಅಳಿಸ್ಯಾನ, ಇನ್ನ ಬರೂದಿಲ್ಲ."

"ಅಳಿಸ್ಯಾನ ಅಂತ ಅವನ ಹೇಳ್ಯಾನ. ಯಾರಿಗೆ ಕಳಿಸ್ಯಾನೋ, ಎಲ್ಲಿ ಇಟ್ಟಾನೋ. ಅವನ ಮಾತು ಬಿಟ್ರ ನಮ್ಮ ಕೈಯಾಗ ಏನೈತ್ರಿ?"

"ಠಾಣೆಕ ಹೋದ್ರ ಕಾಗದದ ಮ್ಯಾಲ ನಿನ್ನ ಹೆಸರ ಬರ್ತೈತಿ, ಶೈಲಾ. ಏನ್ ನೋಡಿದ, ಹ್ಯಾಂಗ್ ನೋಡಿದ ಅಂತ ಕೇಳ್ತಾರ. ಹೇಳಾಕಾಗತೈತೇನು ನಿನಗ?"

ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಇಷ್ಟು ದಿನ ಅವಳು ಎಲ್ಲರ ಮುಂದೆ ಹೇಳಿದ್ದು "ಕೂಸಿನ ಕೋಣೆ", "ಕೂಸಿನ ಕ್ಯಾಮೆರಾ" ಎಂದೇ. ಹಾಲು ಕುಡಿಸುವಾಗ, ಸ್ನಾನ ಮಾಡಿ ಬಂದು ಸೀರೆ ಉಡುವಾಗ ಎಂಬ ಮಾತು ಗಂಡನ ಎದುರಿಗೂ ಬಾಯಿಗೆ ಬಂದಿರಲಿಲ್ಲ. ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಯ ನಂಬರು ಹುಡುಕಿ ಇಟ್ಟುಕೊಂಡಿದ್ದಳು. ಒತ್ತಲು ಹೋಗುವುದು, ಬಿಡುವುದು. ಮರುದಿನ ಬೆಳಿಗ್ಗೆಯೂ ಅದೇ ಆಯಿತು.

ಅನಿಲ ಅಂಗಡಿಗೆ ಹೋದ ಮೇಲೆ ಸುನಂದಾಳ ಫೋನು ಬಂತು, ಕಸ್ತೂರೆವ್ವನಿಗೆ. ಆ ಕಡೆಯ ಅಳು ಪಡಸಾಲೆಯ ತನಕ ಕೇಳಿಸುತ್ತಿತ್ತು. ಅಕ್ಕಾ, ಒಬ್ಬನೇ ಮಗ, ಇನ್ನೂ ಲಗ್ನ ಆಗಬೇಕು, ಮನೆಯ ಮಾತು ಮನೆಯಲ್ಲಿರಲಿ. ಕಸ್ತೂರೆವ್ವ ಎಲ್ಲ ಕೇಳಿ, "ನಾನೂ ಅವಂಗ ಉಣಿಸಿದಾಕಿನ, ಸುನಂದಾ. ನಿನಗೆಷ್ಟ ಸಂಕಟ ಐತಿ, ನನಗೂ ಅಷ್ಟ ಐತಿ" ಎಂದಳು. ಬೇರೆ ಏನೂ ಹೇಳದೆ ಫೋನಿಟ್ಟಳು.

ಆಮೇಲೆ ಸೊಸೆ ಕೂತಲ್ಲಿಗೆ ಬಂದಳು. ರಾತ್ರಿಯಿಡೀ ಮಲಗದ ಕಣ್ಣು.

"ಶೈಲಾ, ಗೊಳಸಂಗ್ಯಾಗ ನಮ್ಮ ತಮ್ಮನ ಮಗಳು ರಾಜಶ್ರೀ ಬಾಣಂತಿ ಅದಾಳಲ್ಲ. ಆಕಿ ಕೋಣ್ಯಾಗೂ ಅಮಿತ ಕ್ಯಾಮೆರಾ ಹಚ್ಯಾನ."

ಶೈಲಶ್ರೀ ತಲೆಯೆತ್ತಿದಳು.

"ನಾನ ಹೇಳಿ ಕಳಿಸಿದ್ದೆ. ನಮ್ಮ ಹುಡುಗ ಅದಾನ, ಚಲೋ ಮಾಡಿಕೊಡ್ತಾನ, ಬ್ಯಾರೆಯವ್ರನ್ನ ಯಾಕ ಒಳಗ ಬಿಡ್ತೀರಿ ಅಂತ." ಕಸ್ತೂರೆವ್ವ ಸೊಸೆಯ ಪಕ್ಕ ಕೂತಳು. "ಮುಳವಾಡದಾಗೂ ಒಂದ್ ಮನಿಗೆ ಹಚ್ಯಾನಂತ. ಬಾಗೇವಾಡ್ಯಾಗ ಎಷ್ಟೋ ಏನೋ. ಅವ್ರಿಗೆಲ್ಲಾ ಏನ್ ಗೊತ್ತೈತಿ?"

ಶೈಲಶ್ರೀಯ ಕಣ್ಣಮುಂದೆ ರಾಜಶ್ರೀ ಬಂದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆಗೆ ಒರಗಿ, ಈ ಹೊತ್ತಿನಲ್ಲಿ ಅವಳೂ ಕೂಸಿಗೆ ಹಾಲು ಕುಡಿಸುತ್ತಿರಬಹುದು. ಅವಳ ಕೋಣೆಯ ಆ ಬಿಳಿ ಉಂಡೆ ಗರ್ ಎಂದರೆ ಅವಳ ಮನೆಯವರೂ ಹಲ್ಲಿ ಎಂದೇ ಹೇಳುತ್ತಾರೆ. ಹೆಸರು ಬರುತ್ತದೆ ಎಂದು ತಾನು ಬಾಯಿ ಮುಚ್ಚಿಕೊಂಡರೆ, ಆ ಹುಡುಗಿಯ ಬಾಯನ್ನೂ ತಾನೇ ಮುಚ್ಚಿದಂತೆ.

"ಅತ್ತಿ, ರಾಜಶ್ರೀಗೆ ನೀವು ಮಾತಾಡ್ತೀರೇನ್ರಿ? ತಂತಿ ಕಿತ್ತು ಇಡು ಅನ್ರಿ. ಒಡೀಬ್ಯಾಡ, ಅಳಸಬ್ಯಾಡ, ಯಾರ ಕೈಯಾಗೂ ಕೊಡಬ್ಯಾಡ ಅನ್ರಿ. ಅಮಿತ ಬಂದ್ ಕೇಳಿದ್ರೂ ಕೊಡಬಾರದು."

"ಹೇಳ್ತೇನಿ. ಯಾಕ ಅಂತ ಕೇಳಿದ್ರ ಅದನ್ನೂ ಹೇಳ್ತೇನಿ. ಮುಚ್ಚಿಡೂದಿಲ್ಲ." ಕಸ್ತೂರೆವ್ವ ಕೈ ಚಾಚಿದಳು. "ಕೂಸಿನ್ನ ಇಲ್ಲೆ ಕೊಡು. ನೀ ನಿನ್ನ ಮಾತು ಮಾಡು. ಅನಿಲಗ ನಾ ಹೇಳ್ತೇನಿ."

ಪ್ರಣತಿಯನ್ನು ಸೊಂಟಕ್ಕೆ ಏರಿಸಿಕೊಂಡು, ತನ್ನ ಫೋನು ಹಿಡಿದು ಅವಳು ಕಟ್ಟೆಗೆ ಹೋದಳು. "ಯವ್ವಾ ರಾಜಶ್ರೀ, ನಾನವಾ, ನಿಮ್ಮತ್ತಿ. ಒಂದೀಟು ಒಳಗ ಹೋಗಿ ಬಾಗ್ಲಾ ಮುಂದಕ ಮಾಡಿ ನಿಂದ್ರು, ಒಂದ್ ಮಾತೈತಿ" ಎಂಬುದು ಒಳಗೆ ಕೇಳಿಸಿತು.

ಶೈಲಶ್ರೀ ನಂಬರು ಒತ್ತಿದಳು. ಈ ಸಲ ಬೆರಳು ಹಿಂದೆ ಬರಲಿಲ್ಲ. ಆ ಕಡೆ ರಿಂಗಾಗುತ್ತಲೇ ಇತ್ತು. ಯಾರೂ ಎತ್ತದಿರಲಿ ಎಂದು ಒಂದು ಮನಸ್ಸು ಬೇಡಿಕೊಂಡಿತು. ಎತ್ತಿದರು. ಹೆಂಗಸಿನ ದನಿ.

"ಹಲೋ, ಸೈಬರ್ ಠಾಣೆ. ಹೇಳ್ರಿ."

"ನಾನು ಶೈಲಶ್ರೀ ಅಂತ್ರಿ, ನಿಡಗುಂದಿಯಿಂದ. ನಮ್ಮ ಮನ್ಯಾಗ ಕೂಸಿನ ಕೋಣ್ಯಾಗ ಒಂದು ಕ್ಯಾಮೆರಾ ಇತ್ರಿ. ನಮ್ಮ ಮೈದುನ ಹಚ್ಚಿದ್ದ. ಅವನ ಫೋನಿನ್ಯಾಗಿಂದ ನೋಡ್ತಿದ್ದ."

"ಕೂಸಿನ್ನ ನೋಡ್ತಿದ್ದ ಅಂತೀರಿ. ಅದರಾಗ ದೂರು ಏನ್ರಿ ನಿಮ್ಮದು?"

ಶೈಲಶ್ರೀ ಕಣ್ಣು ಮುಚ್ಚಿಕೊಂಡಳು.

"ಕೂಸಿನ್ನ ಅಲ್ರಿ" ಎಂದಳು. "ಅವ ನನ್ನ ನೋಡ್ಯಾನ್ರಿ. ಬರ್ಕೊಳ್ರಿ, ಎಲ್ಲಾ ಹೇಳ್ತೇನಿ."